ಕರುಳು ತೊಳೆಯೋ ನೀರು: ಎಲ್ಲಿಂದ ಬಂತು, ಎಲ್ಲಿ ಬೇಕು, ಎಲ್ಲಿ ಬೇಡ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ತಿಂಡಿ ತಿನ್ತಾ ಕೇಳ್ತಿದ್ರೆ ಮೊದಲು ತಟ್ಟೆ ಖಾಲಿ ಮಾಡಿ, ಆಮೇಲೆ ಮುಂದಕ್ಕೆ ಕೇಳಿ. ಯಾಕಂದ್ರೆ ಇವತ್ತು ನಾವು ಮಾತಾಡೋದು ಕರುಳಿನ ಬಗ್ಗೆ, ಕಕ್ಕಸಿನ ಬಗ್ಗೆ. ನಾಚಿಕೆ ಪಟ್ಕೊಂಡು ಯಾರೂ ಮಾತಾಡಲ್ಲ, ಹಾಗಾಗಿಯೇ ಮೋಸ ಹೋಗೋದೂ ಇಲ್ಲೇ ಜಾಸ್ತಿ.

ಹೋದ ತಿಂಗಳು ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ರೀಲ್ಸ್ ತೆಗೆದ್ರೆ ಸಾಕು ಇದೇ ಬರ್ತಿದೆ. ಕರುಳಲ್ಲಿ ವರ್ಷಗಟ್ಟಲೆಯ ಕೊಳೆ ಅಂಟ್ಕೊಂಡಿರತ್ತಂತೆ. ನೀರು ಹಾಯಿಸಿ ತೊಳೆಸಿಕೊಂಡ್ರೆ ಮೊಡವೆ, ಸುಸ್ತು, ತಲೆನೋವು ಎಲ್ಲಾ ಹೋಗತ್ತಂತೆ. ಪ್ಯಾಕೇಜ್ ಬುಕ್ ಮಾಡ್ಲಾ?"

ಈ ಪ್ರಶ್ನೆಗೆ ಒಂದೇ ಸಾಲಲ್ಲಿ ಉತ್ತರ ಕೊಟ್ಟುಬಿಡಬಹುದಿತ್ತು. ಆದ್ರೆ ನನಗೆ ಇದು ಬರೀ ಸುದ್ದಿಯ ವಿಷಯ ಅಲ್ಲ. ನಮ್ಮ ಚಿಕ್ಕಪ್ಪ ಎಂಟು ತಿಂಗಳು ಇದೇ ದಾರಿಯಲ್ಲಿ ನಡೆದಿದ್ರು. ಅವರ ಕಥೆ ಆಮೇಲೆ ಹೇಳ್ತೀನಿ, ಅವರ ಒಪ್ಪಿಗೆ ತಗೊಂಡೇ ಹೇಳ್ತೀನಿ. ಮೊದಲು, ಈ ನೀರಿನ ಕಥೆ ಎಲ್ಲಿ ಶುರುವಾಯ್ತು ನೋಡೋಣ.

ಬಸ್ತಿ ಅಂದ್ರೆ ಚೀಲ

ಹೊಟ್ಟೆ ತೊಳೆಯೋದು ನಮ್ಮ ಮನೆಗಳಿಗೆ ಹೊಸದೇನಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋದವರಿಗೆ ಹರಳೆಣ್ಣೆ ನೆನಪಿರತ್ತೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮೂಗು ಮುಚ್ಕೊಂಡು ಕುಡಿಯೋದು, ಮಧ್ಯಾಹ್ನದವರೆಗೂ ಓಡಾಟ, ಆಮೇಲೆ ಬಿಸಿ ಅನ್ನ, ಮೆಣಸಿನ ಸಾರು. ಅದು ಬೇಧಿ, ಅಂದ್ರೆ ಮೇಲಿಂದ ಔಷಧಿ ಕೊಟ್ಟು ಕೆಳಗೆ ಇಳಿಸೋದು. ಇವತ್ತು ನಾವು ಮಾತಾಡ್ತಿರೋದು ಬಹುಪಾಲು ಇದರ ಉಲ್ಟಾ, ಕೆಳಗಿನಿಂದ ದ್ರವ ಒಳಗೆ ಬಿಡೋದು.

ಆಯುರ್ವೇದದಲ್ಲಿ ಇದಕ್ಕೆ ಬಸ್ತಿ ಅಂತಾರೆ. ಪಂಚಕರ್ಮಗಳಲ್ಲಿ ಒಂದು. ಬಸ್ತಿ ಅನ್ನೋ ಪದದ ಅರ್ಥವೇ ಮೂತ್ರಕೋಶ. ಆ ಕಾಲದಲ್ಲಿ ರಬ್ಬರ್ ಇಲ್ಲ, ಪ್ಲಾಸ್ಟಿಕ್ ಇಲ್ಲ. ಪ್ರಾಣಿಗಳ ಮೂತ್ರಕೋಶವನ್ನ ಹದ ಮಾಡಿ ಚೀಲ ಮಾಡ್ಕೊಂಡು, ಅದರ ಬಾಯಿಗೆ ನಯವಾದ ಕೊಳವೆ ಕಟ್ಟಿ, ಚೀಲ ಒತ್ತಿ ಔಷಧಿ ಒಳಗೆ ಬಿಡ್ತಿದ್ರು. ಕೊಳವೆ ಹಸುವಿನ ಬಾಲದ ಥರ, ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ ಇರಬೇಕು ಅನ್ನೋವಷ್ಟು ವಿವರ ಚರಕ ಸಂಹಿತೆ, ಸುಶ್ರುತ ಸಂಹಿತೆಗಳಲ್ಲಿದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅವರು ಬಿಡ್ತಿದ್ದದ್ದು ಬರೀ ನೀರಲ್ಲ. ನಿರೂಹ ಬಸ್ತಿಗೆ ಕಷಾಯ, ಜೇನು, ಎಣ್ಣೆ, ಉಪ್ಪು. ಅನುವಾಸನ ಬಸ್ತಿಗೆ ಎಣ್ಣೆ. ಎರಡನೇದು ನನಗೆ ಇನ್ನೂ ಮುಖ್ಯ ಅನ್ನಿಸಿದ್ದು. ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ, ಬಸ್ತಿ ಕೊಡುವಾಗ ಏನೇನು ತಪ್ಪಾಗಬಹುದು ಅಂತಲೇ ಒಂದು ಅಧ್ಯಾಯ ಇದೆ. ಕೊಳವೆಯ ದೋಷ, ಚೀಲದ ದೋಷ, ಕೊಡೋ ವೈದ್ಯನ ಕೈ ದೋಷ, ಎಲ್ಲಾ ಪಟ್ಟಿ ಮಾಡಿದ್ದಾರೆ. ಯಾರಿಗೆ ಕೊಡಬಾರದು ಅನ್ನೋದನ್ನೂ ಹೇಳಿದ್ದಾರೆ. ಅಂದ್ರೆ, ಇದನ್ನ ಬಹಳ ದೊಡ್ಡ ಚಿಕಿತ್ಸೆ ಅಂತ ಹೊಗಳಿದವರೇ, ಇದು ಎಲ್ಲರಿಗೂ ಅಲ್ಲ ಅಂತಲೂ ಬರೆದಿಟ್ಟಿದ್ರು. ರೀಲ್ಸ್‌ನಲ್ಲಿ ಮೊದಲ ಅರ್ಧ ಮಾತ್ರ ಬರತ್ತೆ.

ಸೊಂಟದವರೆಗೆ ನೀರಲ್ಲಿ ಕೂತ ಹಠಯೋಗಿ

ನೀರನ್ನೇ ಬಳಸಿದವರು ಹಠಯೋಗಿಗಳು. 15ನೇ ಶತಮಾನದ ಹಠಯೋಗ ಪ್ರದೀಪಿಕೆ ಆರು ಶುದ್ಧಿಕ್ರಿಯೆಗಳನ್ನ ಹೇಳತ್ತೆ: ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ. ಅಲ್ಲಿ ಬಸ್ತಿ ಅಂದ್ರೆ, ಹೊಕ್ಕುಳ ಮುಳುಗೋವಷ್ಟು ನೀರಲ್ಲಿ ಕುಕ್ಕರುಗಾಲಲ್ಲಿ ಕೂತು, ಗುದದ್ವಾರದಲ್ಲಿ ಕೊಳವೆ ಇಟ್ಟು, ನೀರನ್ನ ಒಳಗೆ ಎಳ್ಕೊಂಡು ಹೊರಗೆ ಬಿಡೋದು.

ಪಂಪ್ ಇಲ್ದೆ ನೀರು ಮೇಲಕ್ಕೆ ಹೇಗೆ ಏರತ್ತೆ? ನನಗೂ ಇದೇ ಡೌಟ್ ಇತ್ತು. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಶುರು ಮಾಡಿದ ಸ್ವಾಮಿ ಕುವಲಯಾನಂದರು ಇದನ್ನ ಅಳತೆ ಮಾಡಿಯೇ ನೋಡಿದ್ರು. ನೌಲಿ ಮಾಡುವಾಗ, ಅಂದ್ರೆ ಉಸಿರು ಹೊರಗೆ ಬಿಟ್ಟು ಹೊಟ್ಟೆಯ ಸ್ನಾಯುಗಳನ್ನ ಮುಂದಕ್ಕೆ ಎತ್ತಿದಾಗ, ದೊಡ್ಡ ಕರುಳಿನ ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಕಡಿಮೆ ಆಗತ್ತೆ. ಸ್ಟ್ರಾದಲ್ಲಿ ಎಳನೀರು ಎಳ್ಕೊಳ್ಳೋ ಹಾಗೆ ನೀರು ತಾನಾಗೇ ಒಳಗೆ ಬರತ್ತೆ. ಹೇಳೋಕೆ ಸುಲಭ, ಆದ್ರೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಇನ್ನೊಂದು ದಾರಿ ಬಾಯಿಂದ. ಘೇರಂಡ ಸಂಹಿತೆಯ ವಾರಿಸಾರ ಧೌತಿ, ಈಗ ಯೋಗ ಶಿಬಿರಗಳಲ್ಲಿ ಶಂಖ ಪ್ರಕ್ಷಾಲನ ಅಂತ ಮಾಡಿಸೋದು. ಉಪ್ಪು ಬೆರೆಸಿದ ಬೆಚ್ಚಗಿನ ನೀರು ಎರಡು ಲೋಟ ಕುಡಿಯೋದು, ತಾಡಾಸನ, ಕಟಿ ಚಕ್ರಾಸನದಂಥ ಐದು ಆಸನ ಮಾಡೋದು, ಮತ್ತೆ ಎರಡು ಲೋಟ. ಕೊನೆಗೆ ಕುಡಿದಷ್ಟೇ ತಿಳಿಯಾಗಿ ನೀರು ಆಚೆ ಬರೋವರೆಗೂ. ಆಮೇಲೆ ವಿಶ್ರಾಂತಿ, ತುಪ್ಪ ಹಾಕಿದ ಮೆತ್ತಗಿನ ಕಿಚಡಿ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ, ಅಲ್ಸರ್, ಹರ್ನಿಯಾ ಇದ್ದವರಿಗೆ, ಗರ್ಭಿಣಿಯರಿಗೆ ಇದನ್ನ ಮಾಡಿಸಲ್ಲ.

ಉಪ್ಪು ಯಾಕೆ ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಈಜಿಪ್ಟಿನಿಂದ ಪ್ಯಾರಿಸ್‌ಗೆ

ಭಾರತದಲ್ಲಷ್ಟೇ ಅಲ್ಲ. ಸುಮಾರು ಕ್ರಿ.ಪೂ. 1550ರ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲೇ ಎನಿಮಾ ಔಷಧಿಗಳಿವೆ. ಗ್ರೀಕ್ ಇತಿಹಾಸಕಾರ ಹೆರೋಡೊಟಸ್, ಈಜಿಪ್ಟಿನ ಜನ ಪ್ರತಿ ತಿಂಗಳೂ ಮೂರು ದಿನ ವಾಂತಿ, ಎನಿಮಾ ಮಾಡಿ ಹೊಟ್ಟೆ ಶುದ್ಧ ಮಾಡ್ಕೋತಾರೆ ಅಂತ ಬರೆದಿದ್ದಾನೆ. ಮನುಷ್ಯನ ಕಾಯಿಲೆಗಳೆಲ್ಲ ತಿನ್ನೋ ಆಹಾರದಿಂದಲೇ ಬರತ್ತೆ ಅಂತ ಅವರು ನಂಬಿದ್ರು.

17ನೇ ಶತಮಾನದ ಫ್ರಾನ್ಸ್‌ನಲ್ಲಂತೂ ಎನಿಮಾ ಶ್ರೀಮಂತರ ಫ್ಯಾಷನ್ ಆಗಿತ್ತು. ನಾಟಕಕಾರ ಮೋಲಿಯೇರ್ ಇದನ್ನ ಸುಮ್ನೆ ಬಿಡ್ತಾನಾ? 1673ರಲ್ಲಿ ಕಾಯಿಲೆಯ ಭ್ರಮೆಯಲ್ಲೇ ಬದುಕೋ ಒಬ್ಬ ಸಾಹುಕಾರನ ಮೇಲೆ ನಾಟಕ ಬರೆದ. ಪರದೆ ಎದ್ದಾಗ ಆ ಸಾಹುಕಾರ ಕೂತ್ಕೊಂಡು ಔಷಧಿ ಅಂಗಡಿಯವನ ಬಿಲ್ ಲೆಕ್ಕ ಹಾಕ್ತಿರ್ತಾನೆ, ಈ ತಿಂಗಳು ಎಷ್ಟು ಎನಿಮಾ, ಒಂದೊಂದಕ್ಕೆ ಎಷ್ಟು ದುಡ್ಡು ಅಂತ. 350 ವರ್ಷ ಆಯ್ತು. ಈಗ ಬಿಲ್ ಬದಲು ಯುಪಿಐ ರಸೀದಿ, ಅಷ್ಟೇ ವ್ಯತ್ಯಾಸ.

"ಒಳಗೇ ವಿಷ ಇದೆ"

ಇವತ್ತಿನ 'ಡಿಟಾಕ್ಸ್' ಭಾಷೆ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ. ಬ್ಯಾಕ್ಟೀರಿಯಾ ಬಗ್ಗೆ ಆಗಷ್ಟೇ ಗೊತ್ತಾಗ್ತಿತ್ತು. ದೊಡ್ಡ ಕರುಳಲ್ಲಿ ಅಷ್ಟೊಂದು ಬ್ಯಾಕ್ಟೀರಿಯಾ ಇದೆ, ಮಲ ಅಲ್ಲಿ ಕೊಳೀತಾ ಇರತ್ತೆ, ಆ ವಿಷ ರಕ್ತಕ್ಕೆ ಸೇರಿ ಎಲ್ಲ ಕಾಯಿಲೆ ತರತ್ತೆ. ಇದಕ್ಕೆ ಫ್ರಾನ್ಸಿನ ವೈದ್ಯ ಶಾರ್ಲ್ ಬುಷಾರ್ ಆಟೋ-ಇಂಟಾಕ್ಸಿಕೇಷನ್ ಅಂತ ಹೆಸರಿಟ್ಟ. ಅಂದ್ರೆ, ತನಗೆ ತಾನೇ ವಿಷ ಆಗೋದು.

ಕೇಳೋಕೆ ಸರಿ ಅನ್ನಿಸತ್ತೆ ಅಲ್ವಾ? ಆಗಿನ ಘಟಾನುಘಟಿಗಳಿಗೂ ಹಾಗೇ ಅನ್ನಿಸ್ತು. 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್, ದೊಡ್ಡ ಕರುಳು ಮನುಷ್ಯನಿಗೆ ಅಪಾಯಕಾರಿ ಅಂತಲೇ ವಾದಿಸ್ತಿದ್ದ. ಅಮೆರಿಕದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದಲ್ಲಿ ಜಾನ್ ಹಾರ್ವಿ ಕೆಲ್ಲಾಗ್, ಹೌದು, ಕಾರ್ನ್‌ಫ್ಲೇಕ್ಸ್‌ನವರೇ, ಯಂತ್ರದಿಂದ ಎನಿಮಾ ಕೊಡಿಸ್ತಿದ್ರು. ಲಂಡನ್‌ನಲ್ಲಿ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಅನ್ನೋ ಸರ್ಜನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಮಲಬದ್ಧತೆಗೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯೋಕೆ ಶುರು ಮಾಡಿದ್ರು. ಕೆಲವರು ಆ ಆಪರೇಷನ್‌ನಲ್ಲೇ ಸತ್ತರು.

1919ರಲ್ಲಿ ವಾಲ್ಟರ್ ಆಲ್ವಾರೆಜ್ ಅನ್ನೋ ಅಮೆರಿಕದ ವೈದ್ಯ ಒಂದು ಸರಳ ಪ್ರಶ್ನೆ ಕೇಳಿದ. ಹೊಟ್ಟೆ ಕಟ್ಟಿದಾಗ ತಲೆನೋವು, ಮಂಕು ಬರತ್ತೆ, ನಿಜ. ಆದ್ರೆ ಕಕ್ಕಸಿಗೆ ಹೋಗಿ ಬಂದ ಕೆಲವೇ ನಿಮಿಷಕ್ಕೆ ಅದು ಹೋಗಿಬಿಡತ್ತೆ. ರಕ್ತದಲ್ಲಿ ವಿಷ ಸೇರಿದ್ರೆ ಇಷ್ಟು ಬೇಗ ಹೋಗೋಕೆ ಸಾಧ್ಯಾನಾ? ಹೆಂಡ ಕುಡಿದವನಿಗೆ ಒಂದು ನಿಮಿಷದಲ್ಲಿ ಅಮಲು ಇಳಿಯತ್ತಾ? ಹಾಗಾದ್ರೆ ಕಾರಣ ವಿಷ ಅಲ್ಲ, ಕರುಳು ಹಿಗ್ಗಿ ನರಗಳ ಮೇಲೆ ಬೀಳೋ ಒತ್ತಡ. ಇದಾಗಿ ಕೆಲವೇ ವರ್ಷಕ್ಕೆ ಸ್ವಯಂಸೇವಕರ ಗುದನಾಳದಲ್ಲಿ ಬರೀ ಹತ್ತಿ ತುಂಬಿ ನೋಡಿದ್ರು. ಹತ್ತಿಯಲ್ಲಿ ಯಾವ ವಿಷ ಇರತ್ತೆ? ಆದ್ರೂ ಅದೇ ತಲೆನೋವು, ಅದೇ ಮಂಕು. ವೈದ್ಯಲೋಕ ಆಟೋ-ಇಂಟಾಕ್ಸಿಕೇಷನ್ ಅನ್ನ ನಿಧಾನವಾಗಿ ಕೈಬಿಡ್ತು. ಮಾರ್ಕೆಟ್ ಬಿಡಲಿಲ್ಲ.

ಕರುಳು ನಿಜಕ್ಕೂ ಏನ್ ಮಾಡತ್ತೆ?

ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್. ಊಟದ ಸಾರ ಹೀರ್ಕೊಳ್ಳೋದು ಅಲ್ಲಿ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಗಂಜಿಯಂಥ ದ್ರವ ಇಲ್ಲಿಗೆ ಬರತ್ತೆ. ಅದರ ನೀರು, ಉಪ್ಪು ಎಲ್ಲಾ ಹೀರ್ಕೊಂಡು, ಕೊನೆಗೆ ಒಂದಿಷ್ಟು ಗಟ್ಟಿ ಮಾತ್ರ ಆಚೆ ಹಾಕತ್ತೆ. ಅಂದ್ರೆ ದೊಡ್ಡ ಕರುಳಿನ ಮುಖ್ಯ ಕೆಲಸವೇ ನೀರು ಹೀರೋದು.

ವರ್ಷಗಟ್ಟಲೆಯ ಕೊಳೆ ಗೋಡೆಗೆ ಅಂಟ್ಕೊಂಡಿರತ್ತಾ? ಇಲ್ಲ. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ಸುಣ್ಣವೇ ವಾರಕ್ಕೊಮ್ಮೆ ಉದುರೋ ಗೋಡೆಗೆ ವರ್ಷದ ಕೊಳೆ ಅಂಟೋದು ಹೇಗೆ? ಕೊಲೊನೊಸ್ಕೋಪಿಯಲ್ಲಿ ಕ್ಯಾಮೆರಾ ಇಟ್ಟು ದಿನವೂ ಕರುಳು ನೋಡೋ ವೈದ್ಯರಿಗೆ ಕಾಣೋದು ತೇವವಾಗಿ ಹೊಳೆಯೋ ಗುಲಾಬಿ ಗೋಡೆ. ಹಾಗಾದ್ರೆ ವಿಡಿಯೋಗಳಲ್ಲಿ ತೋರಿಸೋ ರಬ್ಬರ್ ಥರದ ಉದ್ದನೆ ಹಗ್ಗ ಏನು? ಬಹಳ ಸಲ ಅದು ಕ್ಲೀನಿಂಗ್ ಪುಡಿಯಲ್ಲಿರೋ ಇಸಬ್ಗೋಲು, ಜೇಡಿಮಣ್ಣು ನೀರಲ್ಲಿ ಉಬ್ಬಿ, ಲೋಳೆ ಜೊತೆ ಸೇರಿ ಕರುಳಿನ ಆಕಾರದಲ್ಲೇ ಆಚೆ ಬಂದಿರೋದು. ಅವರೇ ಕುಡಿಸಿದ್ದನ್ನ ಅವರೇ ತೋರಿಸ್ತಾರೆ.

ಆಮೇಲೆ ತೂಕ. ಮೆಷಿನ್‌ನಿಂದ ಇಳಿದು ತೂಕ ನೋಡಿದ್ರೆ ಒಂದು ಕೆಜಿ ಕಡಿಮೆ ಇರಬಹುದು. ಹೋಗಿದ್ದು ಮಲ ಮತ್ತು ನೀರು, ಕೊಬ್ಬಲ್ಲ. ಊಟದ ಕ್ಯಾಲೊರಿ ಸಣ್ಣ ಕರುಳಲ್ಲೇ ಹೀರಿ ಆಗಿರತ್ತೆ, ಕೆಳಗಿಂದ ಬಿಟ್ಟ ನೀರು ಅಲ್ಲಿಗೆ ಹೋಗೋದೇ ಇಲ್ಲ. ಇನ್ನು ರಕ್ತದ ಕಸ ಸೋಸೋ ಕೆಲಸ ಲಿವರ್ ಮತ್ತು ಕಿಡ್ನಿಯದ್ದು. ಹಗುರ ಅನ್ನಿಸೋದು ಸುಳ್ಳಲ್ಲ, ಖಾಲಿ ಹೊಟ್ಟೆ ಹಗುರವೇ. ಅದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ, ಅಷ್ಟೇ.

ಅಪಾಯ ಎಲ್ಲಿದೆ?

ಮನೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಕೊಡೋ ಎನಿಮಾ ಅರ್ಧದಿಂದ ಒಂದು ಲೀಟರ್, ಕರುಳಿನ ಕೊನೆಯ ಭಾಗಕ್ಕೆ ಮಾತ್ರ. ಕೊಲೊನ್ ಹೈಡ್ರೋಥೆರಪಿ ಅಂತ ಮಾರೋದು ಬೇರೆ. ಮುಕ್ಕಾಲು ಗಂಟೆ, ಒಂದು ಗಂಟೆ, ಸ್ವಲ್ಪ ಸ್ವಲ್ಪವಾಗಿ ನೀರು ಒಳಗೆ ಬಿಟ್ಟು ಆಚೆ ತೆಗೆದು, ಒಟ್ಟು ಹತ್ತಾರು ಲೀಟರ್ ಹಾಯಿಸ್ತಾರೆ.

ಈಗ ಉಪ್ಪಿನ ಮಾತಿಗೆ ಬನ್ನಿ. ದೊಡ್ಡ ಕರುಳಿನ ಕೆಲಸ ನೀರು ಹೀರೋದು ಅಂದ್ವಲ್ಲ? ಸಪ್ಪೆ ನೀರು ಅಷ್ಟೊಂದು ಬಿಟ್ರೆ ಅದರಲ್ಲಿ ಒಂದಿಷ್ಟು ರಕ್ತಕ್ಕೆ ಸೇರತ್ತೆ, ರಕ್ತದ ಸೋಡಿಯಂ ತೆಳುವಾಗತ್ತೆ. ತಲೆ ಸುತ್ತು, ವಾಂತಿ, ಗೊಂದಲ, ಜಾಸ್ತಿ ಆದ್ರೆ ಫಿಟ್ಸ್. ಕಿಡ್ನಿ, ಹೃದಯ ದುರ್ಬಲ ಇರೋರಿಗೆ ಇದು ಪ್ರಾಣಾಪಾಯ. ಹಾಗಂತ ಉಪ್ಪುನೀರು ಎಲ್ಲರಿಗೂ ಕ್ಷೇಮ ಅಂತಲೂ ಅಲ್ಲ, ಬಿಪಿ ಇರೋರಿಗೆ ಅದೇ ತೊಂದರೆ. ಕಾಫಿ ಎನಿಮಾ ಇನ್ನೊಂದು ಹುಚ್ಚು. ಅದನ್ನ ಪದೇ ಪದೇ ತಗೊಂಡು ಇಬ್ಬರು ಸತ್ತ ವರದಿ 1980ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಇನ್ನೂ ಎರಡು ಅಪಾಯ ಇದೆ. ಒಂದು, ಕೊಳವೆ ಅಥವಾ ಒತ್ತಡದಿಂದ ಕರುಳು ತೂತಾಗೋದು. ಅಪರೂಪ, ಆದ್ರೆ ಆದ್ರೆ ತುರ್ತು ಆಪರೇಷನ್. ಇನ್ನೊಂದು ಸೋಂಕು. 1978ರಿಂದ 1980ರ ನಡುವೆ ಅಮೆರಿಕದ ಕೊಲೊರಾಡೋದ ಒಂದು ಕ್ಲಿನಿಕ್‌ನಲ್ಲಿ ಕರುಳು ತೊಳೆಸಿಕೊಂಡವರಲ್ಲಿ ಕನಿಷ್ಠ 36 ಜನಕ್ಕೆ ಅಮೀಬಾ ಸೋಂಕು ತಗುಲಿತು. 10 ಜನಕ್ಕೆ ದೊಡ್ಡ ಕರುಳು ತೆಗೀಬೇಕಾಯ್ತು. 6 ಜನ ಸತ್ತರು. ಕಾರಣ, ಸರಿಯಾಗಿ ಶುದ್ಧ ಮಾಡದ ಯಂತ್ರ. ಶುದ್ಧಿ ಮಾಡೋ ಯಂತ್ರವೇ ಕೊಳಕಾಗಿತ್ತು.

ಅಮೆರಿಕದ ಎಫ್‌ಡಿಎ ನಿಯಮ ಇದನ್ನೇ ಎರಡಾಗಿ ನೋಡತ್ತೆ. ಪರೀಕ್ಷೆಗೆ ಮುಂಚೆ ಕರುಳು ಖಾಲಿ ಮಾಡೋ ಥರದ ವೈದ್ಯಕೀಯ ಅಗತ್ಯಕ್ಕಾದ್ರೆ ಯಂತ್ರ ಒಂದು ವರ್ಗ. 'ಸುಮ್ನೆ ಆರೋಗ್ಯಕ್ಕೆ' ಅಂತಾದ್ರೆ ಅದೇ ಯಂತ್ರ ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಹೋಗತ್ತೆ.

ಚಿಕ್ಕಪ್ಪನ ಎಂಟು ತಿಂಗಳು

ಈಗ ನಮ್ಮ ಚಿಕ್ಕಪ್ಪ. ಹಾಸನದ ಕಡೆ ಅಡಿಕೆ, ಕಾಫಿ ನೋಡ್ಕೊಂಡಿರೋ ಮನುಷ್ಯ, ಐವತ್ತೆರಡು ವಯಸ್ಸು. ಮಲದ ಜೊತೆ ರಕ್ತ ಹೋಗೋಕೆ ಶುರುವಾಯ್ತು. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, "ಮೂಲವ್ಯಾಧಿ, ಖಾರ ಕಮ್ಮಿ ಮಾಡು." ಖಾರ ಬಿಟ್ರು, ರಕ್ತ ನಿಲ್ಲಲಿಲ್ಲ. ಯಾರೋ ಒಂದು ಕೇಂದ್ರದ ವಿಳಾಸ ಕೊಟ್ರು. ಅಲ್ಲಿ ಕರುಳು ತೊಳೆದು ಕಳಿಸಿದ್ರು. ಎರಡು ದಿನ ಹಗುರ. "ಪೂರ್ತಿ ಕ್ಲೀನ್ ಆಗೋಕೆ ಇನ್ನೂ ಐದು ಸಿಟ್ಟಿಂಗ್ ಬೇಕು" ಅಂದ್ರು. ಐದೂ ಆಯ್ತು.

ನಾನು ಊರಿಗೆ ಹೋದಾಗ ಅವರ ಶರಟು ಬೇರೆಯವರದ್ದು ಹಾಕ್ಕೊಂಡ ಹಾಗಿತ್ತು. "ಚಿಕ್ಕಪ್ಪ, ಡಾಕ್ಟ್ರಿಗೆ ತೋರಿಸಿದ್ರಾ?" ಅಂದೆ. "ಅಲ್ಲಿಗೆ ಹೋದ್ರೆ ಎಲ್ಲೆಲ್ಲೋ ಬೆರಳು ಹಾಕ್ತಾರೆ ಕಣೋ, ಬ್ಯಾಡ ಸುಮ್ನಿರು" ಅಂದ್ರು.

ಕೊನೆಗೆ ಒತ್ತಾಯ ಮಾಡಿ ಕರ್ಕೊಂಡು ಹೋದ್ವಿ. ಡಾಕ್ಟ್ರು ಗ್ಲೌಸ್ ಹಾಕಿ ಬೆರಳಲ್ಲಿ ಪರೀಕ್ಷೆ ಮಾಡಿದ್ರು. ಎರಡು ನಿಮಿಷ ಹಿಡಿದಿರಬೇಕು. ಗೆಡ್ಡೆ ಕೈಗೇ ಸಿಗ್ತಿತ್ತು. ಆಮೇಲೆ ಕೊಲೊನೊಸ್ಕೋಪಿ, ಬಯಾಪ್ಸಿ, ಗುದನಾಳದ ಕ್ಯಾನ್ಸರ್. ಎಂಟು ತಿಂಗಳಲ್ಲಿ ಅಷ್ಟೊಂದು ನೀರು ಆ ಗೆಡ್ಡೆ ಪಕ್ಕದಲ್ಲೇ ಹರಿದು ಹೋಗಿತ್ತು, ಒಬ್ಬರೂ ಅದನ್ನ ಹುಡುಕಿರಲಿಲ್ಲ.

ನಾನು ಆ ಕೇಂದ್ರದವರನ್ನ ಮಾತ್ರ ಬೈಯ್ಯಲ್ಲ. ಎಂಟು ತಿಂಗಳು "ಖಾರ ಕಮ್ಮಿ ಮಾಡು" ಅಂದವರಲ್ಲಿ ಫೋನಿನ ಈ ಕಡೆಯಿಂದ ನಾನೂ ಇದ್ದೆ.

ನೀರು ನಿಜಕ್ಕೂ ಬೇಕಾಗೋ ಜಾಗ

ಈ ಕಥೆ ಇಲ್ಲಿಗೆ ನಿಂತಿದ್ರೆ, ನೀರು ಕೆಟ್ಟದ್ದು ಅಂತ ಹೇಳಿ ಮುಗಿಸ್ತಿದ್ದೆ. ಹಾಗಾಗಲಿಲ್ಲ.

ಕೊಲೊನೊಸ್ಕೋಪಿಗೆ ಮುಂಚಿನ ರಾತ್ರಿ ಚಿಕ್ಕಪ್ಪ ಕುಡಿದದ್ದು ಒಂದು ಪುಡಿ ಬೆರೆಸಿದ ನೀರು. ಪಾಲಿಎಥಿಲೀನ್ ಗ್ಲೈಕಾಲ್, ಜೊತೆಗೆ ಲವಣಗಳು. 1980ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಈ ಮಿಶ್ರಣ ಪ್ರಕಟಿಸ್ತು. ಇದು ಕರುಳಲ್ಲಿ ಹೆಚ್ಚು ಹೀರಿಕೆ ಆಗಲ್ಲ, ಮೈಯ ನೀರನ್ನೂ ಹೊರಗೆ ಎಳೆಯಲ್ಲ, ಬಂದ ಹಾಗೇ ತೊಳ್ಕೊಂಡು ಹೋಗತ್ತೆ. ಒಂಥರಾ ಶಂಖ ಪ್ರಕ್ಷಾಲನವೇ, ಲೆಕ್ಕ ಹಾಕಿ ಮಾಡಿದ್ದು. ಕರುಳು ತಿಳಿಯಾಗಿದ್ರೆ ತಾನೇ ಕ್ಯಾಮೆರಾಗೆ ಸಣ್ಣ ಗಂಟೂ ಕಾಣೋದು?

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಹೋದವರಿಗೂ ನೀರು ದೊಡ್ಡ ಆಸರೆ. ಅವರಿಗೆ ಯಾವಾಗ ಕಕ್ಕಸಾಗತ್ತೆ ಅಂತ ಗೊತ್ತಾಗಲ್ಲ. ತರಬೇತಿ ಪಡೆದು, ಗುದದ್ವಾರದಿಂದ ನೀರು ಬಿಟ್ಟು ಕರುಳು ಖಾಲಿ ಮಾಡ್ಕೊಂಡ್ರೆ ಮಲಬದ್ಧತೆಯೂ ಸೋರಿಕೆಯೂ ಕಡಿಮೆ ಆಗತ್ತೆ ಅಂತ 2006ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ತೋರಿಸ್ತು. ಮನೆಯಿಂದ ಧೈರ್ಯವಾಗಿ ಆಚೆ ಹೋಗೋದು ಅವರಿಗೆ ಸಣ್ಣ ವಿಷಯ ಅಲ್ಲ.

ಚಿಕ್ಕಪ್ಪನ ಗೆಡ್ಡೆ ಗುದದ್ವಾರಕ್ಕೆ ತೀರಾ ಹತ್ತಿರ ಇತ್ತು. ಆಪರೇಷನ್‌ನಲ್ಲಿ ಗುದದ್ವಾರ ಮುಚ್ಚಿ, ಹೊಟ್ಟೆಯ ಎಡಭಾಗದಲ್ಲಿ ಕರುಳಿನ ಬಾಯಿ ತೆರೆದ್ರು. ಅದಕ್ಕೆ ಕೊಲೊಸ್ಟಮಿ ಅಂತಾರೆ. ಮಲ ಒಂದು ಚೀಲಕ್ಕೆ ಬೀಳತ್ತೆ. ಮೊದಲ ಆರು ತಿಂಗಳು ಅವರು ಯಾರ ಮನೆಗೂ ಹೋಗಲಿಲ್ಲ, ವಾಸನೆ ಬಂದ್ರೆ, ಚೀಲ ತುಂಬಿದ್ರೆ ಅನ್ನೋ ಭಯ.

ಆಗ ಒಬ್ಬರು ನರ್ಸ್ ಅವರಿಗೆ ಇರಿಗೇಷನ್ ಕಲಿಸಿದ್ರು. ಉಗುರುಬೆಚ್ಚಗಿನ ಕುಡಿಯೋ ನೀರು, ಅವರಿಗೆ ಹೇಳಿರೋ ಅಳತೆ ಮುಕ್ಕಾಲು ಲೀಟರ್. ಗೋಡೆಗೆ ನೇತು ಹಾಕಿದ ಚೀಲ, ಕೊಳವೆಯ ತುದಿಗೆ ಮೆತ್ತಗಿನ ಕೋನ್. ಹೊಟ್ಟೆಯ ಆ ಬಾಯಿಯಿಂದ ನೀರು ನಿಧಾನಕ್ಕೆ ಒಳಗೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಎಲ್ಲಾ ಆಚೆ. ಆಮೇಲೆ ಮರುದಿನದವರೆಗೂ, ಕೆಲವರಿಗೆ ಎರಡು ದಿನ, ಮಲ ಬರಲ್ಲ. ಕೊಲೊಸ್ಟಮಿ ಇರೋ ಎಲ್ಲರಿಗೂ ಇದು ಆಗಲ್ಲ, ಕರುಳಿನ ಯಾವ ಭಾಗ ಉಳಿದಿದೆ ಅನ್ನೋದರ ಮೇಲೆ ವೈದ್ಯರು ಹೇಳಬೇಕು. ಚಿಕ್ಕಪ್ಪನಿಗೆ ಆಯ್ತು. ಈಗ ಬೆಳಗ್ಗೆ ಐದಕ್ಕೆ ಎದ್ದು ಬಚ್ಚಲಲ್ಲಿ ರೇಡಿಯೋ ಹಾಕ್ಕೊಂಡು ಇದನ್ನ ಮುಗಿಸ್ತಾರೆ. ಹೋದ ಬೇಸಿಗೆಯಲ್ಲಿ ನನ್ನ ತಂಗಿ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ರು, ಎರಡನೇ ಸಲ ಪಾಯಸ ಹಾಕಿಸ್ಕೊಂಡ್ರು.

ಅದೇ ನೀರು, ಅದೇ ಕರುಳು. ವ್ಯತ್ಯಾಸ ಏನು? ಈ ಸಲ ಯಾಕೆ ಅಂತ ಗೊತ್ತಿತ್ತು, ಎಷ್ಟು ಅಂತ ಗೊತ್ತಿತ್ತು, ಮೊದಲೇ ಪರೀಕ್ಷೆ ಆಗಿತ್ತು.

ಹಾಗಾದ್ರೆ ನೀವೇನ್ ಮಾಡ್ಬೇಕು?

ವಾಯ್ಸ್ ಮೆಸೇಜ್ ಕಳಿಸಿದವರಿಗೆ ನನ್ನ ಉತ್ತರ: ಆರೋಗ್ಯವಾಗಿದ್ರೆ ಪ್ಯಾಕೇಜ್ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಹೋಗೋದೆಲ್ಲಾ ಸಾಮಾನ್ಯವೇ. ಹೊಟ್ಟೆ ಕಟ್ಟತ್ತೆ ಅಂತಿದ್ರೆ ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಸಿಗೋ ಹಾಗೆ ನೋಡ್ಕೊಳ್ಳಿ. ರಾಗಿ, ಹುರುಳಿ, ಸೊಪ್ಪಿನ ಸಾರು, ಸೀಬೆಹಣ್ಣು. ಜೊತೆಗೆ ನೀರು ಮತ್ತು ನಡಿಗೆ. ತಿಂಡಿ ಆದ್ಮೇಲೆ ಕರುಳು ತಾನೇ ಕರೆಯತ್ತೆ, ಮೀಟಿಂಗ್ ಇದೆ ಅಂತ ತಡೀಬೇಡಿ. ಕಮೋಡ್ ಆದ್ರೆ ಕಾಲ ಕೆಳಗೆ ಒಂದು ಪುಟ್ಟ ಮಣೆ ಇಡಿ. ಫೋನ್ ಆಚೆ ಬಿಟ್ಟು ಹೋಗಿ, ನಮ್ಮ ಎಪಿಸೋಡ್ ಆಮೇಲೂ ಕೇಳಬಹುದು.

ಪ್ರಕೃತಿ ಚಿಕಿತ್ಸೆಗೋ ಪಂಚಕರ್ಮಕ್ಕೋ ಹೋಗಲೇಬೇಕು ಅಂದ್ರೆ, ಪದವಿ ಇರೋ ವೈದ್ಯರ ಹತ್ತಿರವೇ ಹೋಗಿ. ನಿಮಗಿರೋ ಕಾಯಿಲೆ, ತಗೋತಿರೋ ಮಾತ್ರೆ ಎಲ್ಲಾ ಮೊದಲೇ ಹೇಳಿ. ನಿಮ್ಮ ಬಗ್ಗೆ ಏನೂ ಕೇಳದೆ ಮೆಷಿನ್ ಮೇಲೆ ಮಲಗಿಸಿದ್ರೆ ಎದ್ದು ಬನ್ನಿ.

ಕೊನೇದಾಗಿ, ಇದೊಂದನ್ನ ಸ್ಕ್ರೀನ್‌ಶಾಟ್ ಮಾಡಿ ಮನೆ ಗ್ರೂಪಿಗೆ ಹಾಕಿ. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಬಣ್ಣ, ಕಾರಣ ಇಲ್ದೆ ತೂಕ ಇಳಿಯೋದು, ರಕ್ತಹೀನತೆ, ಕಕ್ಕಸಿನ ಅಭ್ಯಾಸ ವಾರಗಟ್ಟಲೆ ಬದಲಾಗಿರೋದು. ಇದರಲ್ಲಿ ಯಾವುದಿದ್ರೂ, ವಯಸ್ಸು ಎಷ್ಟೇ ಇದ್ರೂ, ತೊಳೆಯೋಕೆ ಮುಂಚೆ ತೋರಿಸಿ.

ಈ ಸಂಚಿಕೆ ರೆಕಾರ್ಡ್ ಮಾಡೋಕೆ ಮುಂಚೆ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ, "ನಿಮ್ಮ ವಿಷಯ ಹೇಳ್ಲಾ?" ಅಂತ. "ಹೇಳೋ, ಧಾರಾಳವಾಗಿ ಹೇಳು. ಆ ಬೆರಳಿನ ಪರೀಕ್ಷೆಗೆ ನೋವಾಗಲ್ಲ ಅಂತ ಮರೀದೆ ಹೇಳು" ಅಂದ್ರು.

ಹೇಳಿದ್ದೀನಿ ಚಿಕ್ಕಪ್ಪ.